ಉಸಿರು ಮುಟ್ಟದ ಕೊನೆಯ ಹೊಲ

ಚಳಿಗಾಲದ ಒಂದು ನಸುಕಿನಲ್ಲಿ ಬೆಳಗಾವಿ ಜಿಲ್ಲೆಯ ಧುಪದಾಳದ ಒಡ್ಡಿನ ದಂಡೆಗೆ ಬಂದು ನಿಲ್ಲಿ. ನೀರಿನ ಮೇಲೆ ಮಂಜು, ಮಂಜಿನ ಮೇಲೆ ಊರ ಒಲೆಗಳ ಹೊಗೆ, ಹೊಗೆಯ ಮೇಲೆ ಎಳೆ ಬಿಸಿಲು. ಆ ಮೂರನ್ನೂ ಸೀಳಿಕೊಂಡು ಬೂದುಬಣ್ಣದ, ಉದ್ದ ಕತ್ತಿನ ಹಕ್ಕಿಗಳು ಸಾಲುಗಟ್ಟಿ ಇಳಿಯುತ್ತವೆ. ಡೆಮೊಸೆಲ್ ಕ್ರೌಂಚಗಳು! ಮಧ್ಯ ಏಷ್ಯಾದ, ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಮರಿ ಮಾಡಿ, ಚಳಿ ಬೀಳುತ್ತಲೇ ಎದ್ದು, ಹಿಮಾಲಯವನ್ನೇ ದಾಟಿ ಭಾರತಕ್ಕೆ ಬರುವ ಹಕ್ಕಿಗಳಿವು. ಅವುಗಳಲ್ಲಿ ಕೆಲವು ಘಟಪ್ರಭಾ ನದಿಯ ಈ ಹಿನ್ನೀರಿನವರೆಗೂ ಬರುತ್ತವೆ. 1974ರಲ್ಲಿ ಇಲ್ಲಿನ ಸುಮಾರು 30 ಚದರ ಕಿಲೋಮೀಟರ್ ಪ್ರದೇಶವನ್ನು ಪಕ್ಷಿಧಾಮವೆಂದು ಘೋಷಿಸಿದ್ದು ಇಂಥ ಅತಿಥಿಗಳಿಗಾಗಿಯೇ.

ಈ ಹಕ್ಕಿಗಳನ್ನು ನೋಡುತ್ತ ನಿಂತಾಗ ನನಗೆ ಮೊದಲ ಬೆರಗು ಹತ್ತಿತು. ಐದು ಸಾವಿರ ಮೀಟರಿಗೂ ಮೇಲೆ, ಗಾಳಿ ತೆಳ್ಳಗಾದ ಕಡೆ, ರೆಕ್ಕೆ ಬಡಿಯುತ್ತ ಸಾಗುವ ಈ ಜೀವಕ್ಕೆ ತಲೆ ತಿರುಗುವುದಿಲ್ಲವೇ? ದಾರಿ ಮರೆಯುವುದಿಲ್ಲವೇ? ಅಷ್ಟು ಎತ್ತರ ಏರಿದ ಮನುಷ್ಯನಿಗೆ ಸಣ್ಣ ಲೆಕ್ಕವೂ ತಪ್ಪುತ್ತದೆ, ತೀರ್ಮಾನ ಎಡವುತ್ತದೆ, ಕೈಗವಸು ಎಲ್ಲಿಟ್ಟೆ ಎಂಬುದೇ ಮರೆಯುತ್ತದೆ. ಹಕ್ಕಿಗೆ ಹಾಗಾಗುವುದಿಲ್ಲ. ಅದರ ಎದೆಯೊಳಗೆ ಗಾಳಿ ಹರಿಯುವುದು ಒಂದೇ ದಿಕ್ಕಿಗೆ, ಥೇಟ್ ಕಾಲುವೆಯ ನೀರಿನ ಹಾಗೆ. ತಿದಿಗಳಂಥ ಗಾಳಿಚೀಲಗಳು ಹಿಂದೆ ಮುಂದೆ ಕುಳಿತು ಉಸಿರನ್ನು ನೂಕುತ್ತಿರುತ್ತವೆ. ಹಕ್ಕಿ ಉಸಿರು ಬಿಡುವಾಗಲೂ ಹೊಸ ಗಾಳಿ ಅದರ ಶ್ವಾಸಕೋಶವನ್ನು ಹಾಯ್ದು ಹೋಗುತ್ತದೆ! ನಮಗೆ ಆ ಭಾಗ್ಯವಿಲ್ಲ. ನಮ್ಮದು ಒಂದೇ ಬಾಗಿಲಿನ ಮನೆ. ಬಂದ ದಾರಿಯಲ್ಲೇ ಹೋಗಬೇಕು, ಹೋಗುವಾಗ ಅಷ್ಟಿಷ್ಟು ಹಳೆ ಗಾಳಿ ಒಳಗೇ ಉಳಿಯಬೇಕು. ಆ ಮನೆಯ ಗೋಡೆ ಸಡಿಲವಾಗಿ ಓಣಿ ಕಿರಿದಾದರಂತೂ ಹಳೆ ಗಾಳಿ ಹೊರಬೀಳದೆ ತುಂಬಿಕೊಂಡು ಕೂರುತ್ತದೆ. ನಮ್ಮ ಕಡೆ ಅದಕ್ಕೆ ‘ದಮ್ಮ’ ಅನ್ನುತ್ತಾರೆ. ಡಾಕ್ಟರ ಚೀಟಿಯಲ್ಲಿ ಅದೇ ‘ಸಿಒಪಿಡಿ’.

ಆಗಲೇ ನನಗೆ ನಮ್ಮ ಆಯಿ ನೆನಪಾದಳು.

ಆಯಿ ಎಂದರೆ ನಮ್ಮಲ್ಲಿ ಅಜ್ಜಿ. ಬದುಕಿನುದ್ದಕ್ಕೂ ಘಟಪ್ರಭೆಯ ಸೀಮೆ ದಾಟದವಳು. ಕೊನೆಯ ವರ್ಷಗಳಲ್ಲಿ ಅವಳಿಗೆ ದಮ್ಮ ಹತ್ತಿತ್ತು. ಅಂಗಳದಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಕಡೆ ಕಂಬ ಹಿಡಿದು ನಿಲ್ಲುತ್ತಿದ್ದಳು. “ಒಲಿ ಊದಿ ಊದಿ ಎದಿ ಟೊಳ್ಳ ಆಗೈತೋ ತಮ್ಮಾ” ಎಂದು ನಗುತ್ತಿದ್ದಳು. ಅದೇ ವರ್ಷಗಳಲ್ಲಿ ಅವಳಿಗೆ ಮರೆವೂ ಬಂತು. ಬಂದ ರೀತಿ ಮಾತ್ರ ವಿಚಿತ್ರ. ಬೀಸುವ ಕಲ್ಲಿನ ಪದ ಒಂದೂ ಮರೆಯಲಿಲ್ಲ. ಯಾವ ವರ್ಷ ಹೊಳೆ ಬಂದು ಯಾರ ಹೊಲ ಕೊಚ್ಚಿತು, ತವರಿನ ಎಮ್ಮೆಗೆ ಏನು ಹೆಸರು, ಎಲ್ಲ ನೆನಪಿತ್ತು. ಆದರೆ ಶೇಂಗಾ ಹೋಳಿಗೆ ಮಾಡಲು ಕೂತರೆ ಹೂರಣ ಮೊದಲೋ ಕಣಕ ಮೊದಲೋ ಎಂದು ಕೈ ನಿಲ್ಲುತ್ತಿತ್ತು. ಸಂತೆಯಲ್ಲಿ ಚಿಲ್ಲರೆ ಎಣಿಸಲು ಹೋಗಿ ಎಲ್ಲವನ್ನೂ ಅಂಗಡಿಯವನ ಮುಂದೆಯೇ ಸುರಿದುಬಿಡುತ್ತಿದ್ದಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಮಾತಿನ ಎಳೆ ಕಳೆದುಕೊಂಡು ಸುಮ್ಮನಾಗುತ್ತಿದ್ದಳು. ‘ಅರವತ್ತಕ್ಕೆ ಅರಳುಮರಳು’ ಎಂದು ನಾವು ಒಂದು ಗಾದೆ ಹೇಳಿ ಮುಗಿಸಿದೆವು. ದಮ್ಮಕ್ಕೆ ಒಂದು ಮಾತ್ರೆ, ಮರೆವಿಗೆ ಒಂದು ಗಾದೆ! ಎರಡನ್ನೂ ಒಟ್ಟಿಗಿಟ್ಟು ನೋಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಒಡ್ಡಿನ ಮೇಲಿಂದ ಮನೆಗೆ ಬಂದವನು ಓದಲು ಕೂತೆ. ಒಂದು ಪುಟ ತೆರೆದರೆ ಹತ್ತು ಪುಟ ಬಾಗಿಲು ತೆರೆದವು. ಓದುತ್ತ ಓದುತ್ತ ಕೂದಲು ನಿಮಿರಿತು. ಶ್ವಾಸಕೋಶಕ್ಕೂ ನೆನಪಿಗೂ ನಡುವೆ ಒಂದು ದಾರಿ ಇದೆ, ಆ ದಾರಿಯಲ್ಲಿ ವಿಜ್ಞಾನಿಗಳು ದಶಕಗಳಿಂದ ನಡೆಯುತ್ತಿದ್ದಾರೆ!

ಮೊದಲು ಸಿಕ್ಕಿದ್ದು ಅಮೆರಿಕದ ಒಂದು ದೀರ್ಘ ಅಧ್ಯಯನ. 1987ರಿಂದ 1989ರ ನಡುವೆ ಅಲ್ಲಿನ ನಾಲ್ಕು ಊರುಸೀಮೆಗಳ ಹದಿನಾಲ್ಕು ಸಾವಿರಕ್ಕೂ ಹೆಚ್ಚು ನಡುವಯಸ್ಸಿನ ಜನರಿಂದ ಒಂದು ಕೊಳವೆಯೊಳಗೆ ಊದಿಸಿದರು. ಎಷ್ಟು ಗಾಳಿ ಹೊರಬಂತು, ಎಷ್ಟು ಬೇಗ ಬಂತು ಎಂದು ಬರೆದಿಟ್ಟುಕೊಂಡರು. ಆಮೇಲೆ ಕಾದರು. ಒಂದಲ್ಲ ಎರಡಲ್ಲ, ಸರಾಸರಿ 23 ವರ್ಷ! ಮಿನ್ನೆಸೋಟ ವಿಶ್ವವಿದ್ಯಾಲಯದ ಪಮೇಲಾ ಲುಟ್ಸಿ ಮತ್ತು ಸಂಗಡಿಗರು 2018ರಲ್ಲಿ ಆ ಲೆಕ್ಕ ಬಿಚ್ಚಿಟ್ಟರು. ನಡುವಯಸ್ಸಿನಲ್ಲಿ ಸಿಒಪಿಡಿ ಇದ್ದವರಿಗೆ ಮುಂದೆ ಡಿಮೆನ್ಶಿಯಾ ಅಥವಾ ಅದರ ಹೊಸ್ತಿಲ ಹಂತದ ಮರೆವು ಕಾಣಿಸುವ ಸಂಭವ ಉಳಿದವರಿಗಿಂತ ಶೇ 33ರಷ್ಟು ಹೆಚ್ಚಿತ್ತು. ಶ್ವಾಸಕೋಶವೇ ಬಿಗಿದು ಹಿಗ್ಗಲಾರದ ಇನ್ನೊಂದು ಬಗೆಯ ಕಾಯಿಲೆ ಇದ್ದವರಲ್ಲಿ ಶೇ 58ರಷ್ಟು ಹೆಚ್ಚು. ಸಿಗರೇಟು ಸೇದಿದವರಲ್ಲೂ ಇದೇ ಕಥೆ, ಸೇದದವರಲ್ಲೂ ಇದೇ. ನಲವತ್ತೈದು, ಐವತ್ತರ ಹರೆಯದಲ್ಲಿ ಊದಿದ ಒಂದು ಉಸಿರು, ಎಪ್ಪತ್ತರಲ್ಲಿ ಆ ಮನುಷ್ಯನಿಗೆ ಮೊಮ್ಮಗನ ಹೆಸರು ನೆನಪಿರುತ್ತದೋ ಇಲ್ಲವೋ ಎಂಬುದರ ಸುಳಿವು ಕೊಡುತ್ತಿತ್ತು!

ಊದುವ ಆ ಯಂತ್ರದ ಕಥೆಯೂ ರೋಚಕ. ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ 1846ರಲ್ಲೇ ಅದರ ವಿವರ ಪ್ರಕಟಿಸಿದ. ನಾವಿಕರು, ಪೊಲೀಸರು, ಕುಸ್ತಿಯಾಡುವವರು, ಬಡವರು, ಸಿರಿವಂತರು ಎಂದು ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ಅಳೆದಿದ್ದ. ಒಂದೇ ದಮ್ಮಿನಲ್ಲಿ ಹೊರಬರುವ ಗಾಳಿಗೆ ಅವನಿಟ್ಟ ಹೆಸರು ‘ವೈಟಲ್ ಕೆಪಾಸಿಟಿ’, ಅಂದರೆ ಬದುಕಿನ ಕಸುವು. ಎಂಥ ಹೆಸರು! ಮುಂದೆ ಒಂದು ದಿನ ಅದೇ ಅಳತೆ ನೆನಪಿನ ಕಸುವಿನ ಬಗ್ಗೆಯೂ ಹೇಳುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಾರ.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಇನ್ನೊಂದು ಅಧ್ಯಯನ. ಅಮೆರಿಕದ ಮೇಯೋ ಕ್ಲಿನಿಕ್‌ನವರು 70ರಿಂದ 89 ವರ್ಷದ ಸಾವಿರದ ನಾನೂರಕ್ಕೂ ಹೆಚ್ಚು ಹಿರಿಯರನ್ನು ಗಮನಿಸಿ 2014ರಲ್ಲಿ ವರದಿ ಮಾಡಿದರು. ಸಿಒಪಿಡಿ ಇದ್ದವರಲ್ಲಿ ಒಂದು ಬಗೆಯ ಬುದ್ಧಿಯ ಕುಸಿತ ಶೇ 83ರಷ್ಟು ಹೆಚ್ಚು ಸಂಭವಿಸಿತ್ತು. ಯಾವ ಬಗೆ? ನೆನಪು ಅಷ್ಟಾಗಿ ಕೆಡದೆ, ಗಮನ, ಯೋಜನೆ, ಒಂದಾದ ಮೇಲೊಂದು ಕೆಲಸ ಜೋಡಿಸುವ ಜಾಣ್ಮೆ ಕೆಡುವ ಬಗೆ. ಐದು ವರ್ಷಕ್ಕೂ ಮೀರಿ ದಮ್ಮ ಕಾಡಿದವರಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು. ಓದುತ್ತಲೇ ಕಣ್ಣ ಮುಂದೆ ಆಯಿ ಬಂದು ಕೂತಳು, ಒಂದು ಕೈಯಲ್ಲಿ ಹೂರಣ, ಇನ್ನೊಂದರಲ್ಲಿ ಕಣಕ. ಪದ ಎಲ್ಲ ನೆನಪಿದ್ದು ಹೋಳಿಗೆಯ ಸರಣಿ ಮರೆತದ್ದು ಗಾದೆಯ ಅರಳುಮರಳಾಗಿರಲಿಲ್ಲ. ಅದಕ್ಕೊಂದು ಆಕಾರವಿತ್ತು. ಆ ಆಕಾರವನ್ನು ವೈದ್ಯರು ದಮ್ಮದವರಲ್ಲಿ ಮತ್ತೆ ಮತ್ತೆ ಕಂಡಿದ್ದರು!

ಇದೇನು ನಿನ್ನೆ ಮೊನ್ನೆಯ ಸುದ್ದಿಯೂ ಅಲ್ಲ. 1982ರಲ್ಲೇ ಇಗೋರ್ ಗ್ರಾಂಟ್ ಮತ್ತು ಜೊತೆಗಾರರು ರಕ್ತದಲ್ಲಿ ಆಮ್ಲಜನಕ ಕುಸಿದ 203 ಸಿಒಪಿಡಿ ರೋಗಿಗಳ ಬುದ್ಧಿಶಕ್ತಿಯನ್ನು ಪರೀಕ್ಷಿಸಿದ್ದರು. ಅವರಲ್ಲಿ ಶೇ 42 ಮಂದಿಗೆ ಸಾಧಾರಣದಿಂದ ತೀವ್ರ ಮಟ್ಟದ ಕುಂದು ಕಂಡಿತು, ಹೋಲಿಕೆಗೆಂದು ಆರಿಸಿದ ಆರೋಗ್ಯವಂತರಲ್ಲಿ ಶೇ 14 ಮಂದಿಗೆ ಮಾತ್ರ. ನಲವತ್ತು ವರ್ಷಗಳ ಹಿಂದೆಯೇ ಗೊತ್ತಿದ್ದ ಮಾತು ನಮ್ಮ ಪಡಸಾಲೆಗೆ ಬರಲು ಇಷ್ಟು ಕಾಲ ಬೇಕಾಯಿತು.

ಆಯಿ ಬೀಡಿ ಮುಟ್ಟಿದವಳಲ್ಲ. ಮತ್ತೆ ದಮ್ಮ ಎಲ್ಲಿಂದ ಬಂತು?

ನಮ್ಮ ಸೀಮೆಯಲ್ಲಿ ಹೊಗೆಗೆ ಬರವಿಲ್ಲ. ಪಕ್ಕದ ನಿಪ್ಪಾಣಿ ತಂಬಾಕಿಗೆ, ಬೀಡಿಗೆ ಹೆಸರಾದ ಪೇಟೆ. ಮೂಡಲಗಿ, ಗೋಕಾಕ ಕಡೆ ಕಬ್ಬು ಕಡಿದ ಮೇಲೆ ಹೊಲದ ರವದಿಗೆ ಬೆಂಕಿ ಇಡುತ್ತಾರೆ, ಸಂಜೆಯ ಆಕಾಶವೇ ಕಪ್ಪಾಗುತ್ತದೆ. ಬೆಲ್ಲದ ಗಾಣದ ಕೊಪ್ಪರಿಗೆಯ ಕೆಳಗೆ ಹಗಲೂ ರಾತ್ರಿ ಸಿಪ್ಪೆ ಉರಿಯುತ್ತದೆ. ಆದರೆ ಆಯಿಯ ಹೊಗೆ ಇದಾವುದೂ ಅಲ್ಲ. ಅವಳದು ಅಡಿಗೆಮನೆಯ ಹೊಗೆ. ಕುಳ್ಳು, ಹತ್ತಿಕಟಗಿ, ಜೋಳದ ದಂಟು, ಮಳೆಗಾಲದಲ್ಲಿ ಹಸಿ ಜಾಲಿ. ಗವಾಕ್ಷಿ ಒಂದೇ, ಅಂಗೈ ಅಗಲದ್ದು. ಸೊಸೆಯಾಗಿ ಬಂದ ದಿನದಿಂದ ಕೈಗೆ ಸಿಕ್ಕ ಊದುಗೊಳವೆ ಕೊನೆಯವರೆಗೂ ಕೈಬಿಡಲಿಲ್ಲ.

ಬೀಡಿ ಸಿಗರೇಟು ಮುಟ್ಟದವರಿಗೂ ಸಿಒಪಿಡಿ ಬರುತ್ತದೆ ಎಂಬುದನ್ನು ಪುಣೆಯ ವೈದ್ಯ ಸಂದೀಪ್ ಸಾಳ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ 2009ರಲ್ಲಿ ಲೋಕಕ್ಕೆಲ್ಲ ಸಾರಿ ಹೇಳಿದರು. ಸಿಒಪಿಡಿ ಇರುವ ನೂರು ಜನರಲ್ಲಿ 25ರಿಂದ 45 ಮಂದಿ ಎಂದೂ ಧೂಮಪಾನ ಮಾಡದವರು ಎಂದು ಅವರ ಅಂದಾಜು. ಇನ್ನು ನಮ್ಮ ಕರ್ನಾಟಕದವರೇ ಕಂಡುಕೊಂಡ ಒಂದು ಲೆಕ್ಕವಿದೆ, ಅದನ್ನು ಓದಿದಾಗ ಮೈ ಜುಮ್ಮೆಂದಿತು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳ ಒಲೆಯ ಮುಂದಿನ ಬದುಕನ್ನು ಅಳೆದರು. ಅಳತೆ ಬಲು ಸರಳ. ದಿನಕ್ಕೆ ಎಷ್ಟು ತಾಸು ಸೌದೆ ಒಲೆಯ ಮುಂದೆ ಕೂರುತ್ತಾರೆ, ಹಾಗೆ ಎಷ್ಟು ವರ್ಷ ಕೂತಿದ್ದಾರೆ, ಎರಡನ್ನೂ ಗುಣಿಸಿ. ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಕೆಮ್ಮು ಕಫದ ಬ್ರಾಂಕೈಟಿಸ್ ಅಪಾಯದ ಗೆರೆ ದಾಟಿದಂತೆ. 2013ರಲ್ಲಿ ಬಂದ ಈ ಲೆಕ್ಕವನ್ನು ನಾನು ಆಯಿಗೆ ಹಾಕಿ ನೋಡಿದೆ. ಹದಿನೈದಕ್ಕೆ ಒಲೆ ಹಚ್ಚಿದಳು, ಎಪ್ಪತ್ತರವರೆಗೂ ಹಚ್ಚಿದಳು. ದಿನಕ್ಕೆ ನಾಲ್ಕು ತಾಸು, ಐವತ್ತೈದು ವರ್ಷ. ಇನ್ನೂರ ಇಪ್ಪತ್ತು! ಗೆರೆಯನ್ನು ಅವಳು ಮೂವತ್ತು ತುಂಬುವ ಹೊತ್ತಿಗೇ ಮುಟ್ಟಿದ್ದಳು, ನಮ್ಮಪ್ಪ ಇನ್ನೂ ಶಾಲೆಗೆ ಹೋಗುವ ಕಾಲದಲ್ಲಿ.

ಒಲೆಯ ಹೊಗೆ ಎದೆಗೆ ಬಂತು, ಸರಿ. ತಲೆಗೂ ಹೋಯಿತೇ? ಇಲ್ಲಿ ನಮ್ಮ ರಾಜ್ಯದ ಮತ್ತೊಂದು ಮೂಲೆ ಮಾತಾಡುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮಾವಿನ ಹಣ್ಣಿನ ಊರು. ಅಲ್ಲಿಯ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರ ಮಿದುಳಿನ ಆರೋಗ್ಯವನ್ನು ವರ್ಷ ವರ್ಷ ಹಿಂಬಾಲಿಸುವ ಸಂಕಲ್ಪ ತೊಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೆಲಸ ಮಾಡುತ್ತಿದೆ. ‘ಸ್ಯಾನ್ಸ್‌ಕಾಗ್’ ಎಂದು ಅದರ ಹೆಸರು. ರೈತರು, ಕೂಲಿಯವರು, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು, ಎಲ್ಲ ಬಗೆಯವರೂ ಎಂಆರ್‌ಐ ಯಂತ್ರದೊಳಗೆ ಮಲಗಿ ಎದ್ದು ಬರುತ್ತಾರೆ! ಆ ಕೇಂದ್ರ 2025ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಜೋಡಿಸಿ ಹೇಳಿತು: ಹೊಗೆಯಾಡುವ ಇಂಧನದಲ್ಲಿ ಅಡಿಗೆ ಮಾಡುವವರ ಬುದ್ಧಿಶಕ್ತಿಯ ಅಂಕ ಕಡಿಮೆ. ಮಿದುಳಿನ ಚಿತ್ರ ತೆಗೆಸಿದ ಸುಮಾರು ಸಾವಿರ ಜನರಲ್ಲಿ ಅಂಥ ಒಲೆಯ ಮುಂದಿನ ಹೆಣ್ಣುಮಕ್ಕಳ ಹಿಪೊಕ್ಯಾಂಪಸ್ ಕುಗ್ಗಿದಂತೆ ಕಂಡಿತು. ಹಿಪೊಕ್ಯಾಂಪಸ್ ಎಂದರೆ ಕಿವಿಯ ಒಳಮಗ್ಗುಲಿಗೆ, ಮಿದುಳಿನ ಆಳದಲ್ಲಿ ಕಡಲಕುದುರೆಯ ಆಕಾರದಲ್ಲಿ ಮುದುಡಿ ಕೂತ ನೆನಪಿನ ಕಣಜ. ಊದುಗೊಳವೆಯ ಒಂದು ತುದಿ ಬೆಂಕಿಯಲ್ಲಿದ್ದರೆ, ಇನ್ನೊಂದು ತುದಿ ಆ ಕಣಜದವರೆಗೂ ಚಾಚಿತ್ತೇ?

ಹೊಗೆಯ ಕಣ ಎಷ್ಟು ಸಣ್ಣದೆಂದು ಹೇಳದೆ ಮುಂದೆ ಹೋಗಲಾರೆ. ಪಿಎಂ 2.5 ಎಂದು ಕರೆಯುವ ಕಣ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಅದಕ್ಕಿಂತ ಎಷ್ಟೋ ಪಾಲು ಚಿಕ್ಕ ಕಣಗಳೂ ಇವೆ. ಶ್ವಾಸಕೋಶದ ಗೋಡೆ ದಾಟಿ ರಕ್ತಕ್ಕೆ ಇಳಿಯಬಲ್ಲವು, ಮೂಗಿನ ವಾಸನೆಯ ನರ ಹಿಡಿದು ನೇರ ಮೇಲೇರಬಲ್ಲವು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹರ್ ತಂಡ 2016ರಲ್ಲಿ, ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನಲ್ಲಿ ಬಾಳಿ ತೀರಿಕೊಂಡ 37 ಜನರ ಮಿದುಳಿನೊಳಗೆ ಉರಿಯಲ್ಲಿ ಹುಟ್ಟುವ ಬಗೆಯ ಕಬ್ಬಿಣದ ಆಕ್ಸೈಡಿನ ದುಂಡು ಕಣಗಳನ್ನು ಕಂಡಿತು. ಬೆಂಕಿಯ ಬೂದಿ ಮನುಷ್ಯನ ಮಿದುಳಿನೊಳಗೆ!

ಈಗ ಮತ್ತೆ ಒಡ್ಡಿಗೆ ಬನ್ನಿ. ನನ್ನ ಪಾಲಿಗೆ ಇಡೀ ವಿಷಯ ಬಿಚ್ಚಿಕೊಂಡದ್ದು ಇಲ್ಲಿಯೇ.

ಧುಪದಾಳದ ಒಡ್ಡು ಬ್ರಿಟಿಷರ ಕಾಲದ್ದು, ಹತ್ತೊಂಬತ್ತನೇ ಶತಮಾನದ ಕೊನೆಯದ್ದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಬಂದದ್ದು ಅದಕ್ಕೆಷ್ಟೋ ಕಾಲದ ಮೇಲೆ. ಈ ಒಡ್ಡಿನಿಂದಲೇ ಘಟಪ್ರಭಾ ಎಡದಂಡೆ ಕಾಲುವೆ ಹೊರಡುತ್ತದೆ. ಮುಖ್ಯ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಒಡ್ಡಿನಲ್ಲಿ ನೀರು ಒಂದು ಅಡಿ ಇಳಿದರೆ ಮೊದಲು ಒಣಗುವುದು ಯಾರ ಹೊಲ? ತೂಬಿನ ಬಾಯಲ್ಲಿದ್ದವನದಲ್ಲ. ನಮ್ಮ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ, ‘ಟೇಲ್ ಎಂಡ್’ನವನದು.

ಮಿದುಳು ಇಡೀ ದೇಹದ ತೂಕದಲ್ಲಿ ಬರೀ ಶೇ 2. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು! ಅಷ್ಟು ಬಾಯಾರಿದ ಹೊಲ ಅದು. ಅದರ ಆಳದ ಬಿಳಿ ಭಾಗಕ್ಕೆ ಹೋಗುವ ರಕ್ತನಾಳಗಳು ಕೂದಲೆಳೆಯಷ್ಟು ಸಣ್ಣವು, ಉದ್ದವಾದವು, ಪಕ್ಕದ ನಾಳದ ಜೊತೆ ಹೆಚ್ಚು ಕೂಡಿಕೆ ಇಲ್ಲದವು. ಥೇಟ್ ಹೊಲಗಾಲುವೆಯ ಕೊನೆ. ಎರಡು ದೊಡ್ಡ ನಾಳಗಳ ಆಯಕಟ್ಟಿನ ನಡುವೆ ಸಿಕ್ಕ ಇಂಥ ಅಂಚಿನ ಜಾಗಕ್ಕೆ ವೈದ್ಯರು ‘ವಾಟರ್‌ಶೆಡ್’ ಎಂದೇ ಹೆಸರಿಟ್ಟಿದ್ದಾರೆ. ನೀರಿನ ಮಾತನ್ನೇ ಎತ್ತಿಕೊಂಡಿದ್ದಾರೆ! ಆ ಬಿಳಿ ಭಾಗದ ಕೆಲಸವಾದರೂ ಏನು? ಮಿದುಳಿನ ಒಂದು ಮೂಲೆಯನ್ನು ಇನ್ನೊಂದರ ಜೊತೆ ಜೋಡಿಸುವುದು. ಹೂರಣದ ಮೇಲೆ ಕಣಕ, ಚಿಲ್ಲರೆಯ ಮೇಲೆ ಲೆಕ್ಕ, ಇವರ ಮಾತಿನ ಮೇಲೆ ಅವರ ಮಾತು. ಉಸಿರಿನ ಒಡ್ಡಿನಲ್ಲಿ ಮಟ್ಟ ಇಳಿದಾಗ ಆಯಿಯ ಯಾವ ಹೊಲ ಮೊದಲು ಒಣಗಿತೆಂದು ಈಗ ಹೊಳೆಯಿತೇ? ಹಳೆಯ ಪದಗಳು ತೂಬಿನ ಬಾಯಲ್ಲಿದ್ದವು, ಉಳಿದವು. ಹೋಳಿಗೆಯ ಸರಣಿ ಟೇಲ್ ಎಂಡ್‌ನಲ್ಲಿತ್ತು.

ನೆದರ್ಲೆಂಡಿನ ರಾಟರ್‌ಡ್ಯಾಮ್ ಅಧ್ಯಯನದವರು 2013ರಲ್ಲಿ ಇದಕ್ಕೆ ಹೊಂದುವ ಇನ್ನೊಂದು ಗುರುತು ಕಂಡರು. ಸಿಒಪಿಡಿ ಇರುವವರ ಮಿದುಳಿನಲ್ಲಿ ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳು ಹೆಚ್ಚು, ಅದರಲ್ಲೂ ಆಳದ ಭಾಗಗಳಲ್ಲಿ. ಅಲ್ಲಿನ ಸಣ್ಣ ನಾಳಗಳೇ ಸವೆಯುತ್ತವೆ ಎಂಬುದಕ್ಕೆ ಅದು ಸಾಕ್ಷಿ. ಇದರ ಜೊತೆಗೆ ಕೆರಳಿದ ಶ್ವಾಸಕೋಶದಿಂದ ರಕ್ತಕ್ಕೆ ಸೇರುವ ಉರಿಯೂತದ ರಾಸಾಯನಿಕಗಳು ಇವೆ. ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡ್ ತಲೆಯನ್ನು ಮಂಕಾಗಿಸುತ್ತದೆ. ನಿದ್ದೆಯಲ್ಲಿ ಆಮ್ಲಜನಕ ಇನ್ನಷ್ಟು ಕುಸಿಯುತ್ತದೆ. ಲೇಹ್‌ಗೆ ವಿಮಾನದಲ್ಲಿ ಹೋಗಿ ಇಳಿದವರ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಮೊದಲ ದಿನ 90ರ ಆಸುಪಾಸು ತೋರಿಸುತ್ತದೆ, ಅವರಿಗೆ ಡಾಕ್ಟರು ಎರಡು ದಿನ ಸುಮ್ಮನೆ ಮಲಗಿರಿ ಅನ್ನುತ್ತಾರೆ. ತೀವ್ರ ದಮ್ಮದವರು ಅದೇ ಅಂಕಿಯಲ್ಲಿ ರೊಟ್ಟಿ ಬಡಿಯುತ್ತಾರೆ, ಎಮ್ಮೆ ಹಿಂಡುತ್ತಾರೆ. ನಮ್ಮ ಆಯಿ ಘಟಪ್ರಭೆ ಬಿಟ್ಟು ಹೋಗದೆಯೇ ವರ್ಷಗಟ್ಟಲೆ ಹಿಮಾಲಯದ ಮೇಲೆ ಬದುಕಿದಳೇನೋ. ಆದರೆ ಅವಳ ಎದೆಯಲ್ಲಿ ಕ್ರೌಂಚದ ಶ್ವಾಸಕೋಶ ಇರಲಿಲ್ಲ.

ಇಷ್ಟೆಲ್ಲ ಬೆರಗಿನ ನಡುವೆಯೂ ಒಂದು ಮಾತು ನಿಚ್ಚಳವಾಗಿ ಹೇಳಬೇಕು. ದಮ್ಮ ಇದ್ದವರಿಗೆಲ್ಲ ಮರೆವು ಬರುತ್ತದೆ ಎಂದು ಯಾರೂ ಹೇಳಿಲ್ಲ. ಈ ಅಧ್ಯಯನಗಳು ತೋರಿಸುವುದು ಎರಡರ ನಂಟನ್ನು. ದಮ್ಮವೇ ಮರೆವನ್ನು ಹುಟ್ಟಿಸಿತು ಎಂದು ಅವು ರುಜುವಾತು ಮಾಡುವುದಿಲ್ಲ. ಎರಡಕ್ಕೂ ಒಂದೇ ಬೇರು ಇರಬಹುದು: ತಂಬಾಕು, ಬಡತನ, ಓದಿಲ್ಲದಿರುವುದು, ಹೃದಯ ಮತ್ತು ರಕ್ತನಾಳದ ಕಾಯಿಲೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ಆಯೋಗ 2024ರಲ್ಲಿ, ತಡೆಯಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಅವನ್ನು ನಿಭಾಯಿಸಿದರೆ ಲೋಕದ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯುವುದು ಅಥವಾ ಮುಂದೂಡುವುದು ಸಾಧ್ಯ ಎಂದಿತು. ಸಿಒಪಿಡಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಪಟ್ಟಿಯನ್ನು ಓದುತ್ತ ಹೋಗಿ: ಧೂಮಪಾನ, ವಾಯುಮಾಲಿನ್ಯ, ಮೈ ಅಲುಗದ ಬದುಕು, ಖಿನ್ನತೆ, ಒಂಟಿತನ. ಮೊದಲನೆಯದೊಂದನ್ನು ಬಿಟ್ಟರೆ ಎಲ್ಲವೂ ಆಯಿಯ ಕಟ್ಟೆಯ ಮೇಲೇ ಬಂದು ಕೂತಿವೆ! ದಮ್ಮ ಹತ್ತಿದವಳು ಮೊದಲು ಹೊಲಕ್ಕೆ ಹೋಗುವುದು ಬಿಟ್ಟಳು, ಆಮೇಲೆ ಸಂತೆ ಬಿಟ್ಟಳು, ಆಮೇಲೆ ಸೋಮವಾರದ ಗುಡಿ ಬಿಟ್ಟಳು, ಕಡೆಗೆ ಎದುರುಮನೆಯ ಗೆಳತಿಯನ್ನೂ ಬಿಟ್ಟಳು. ಉಸಿರು ಕಿರಿದಾದಂತೆ ಊರೂ ಕಿರಿದಾಯಿತು. ನಮ್ಮ ನುಡಿಯಲ್ಲಿ ಉಸಿರು ಎಂದರೆ ಶ್ವಾಸ, ಉಸುರು ಎಂದರೆ ಹೇಳು. ಉಸಿರು ಕಟ್ಟಿದವಳಿಗೆ ಉಸುರಲು ಯಾರೂ ಉಳಿಯಲಿಲ್ಲ.

ನಮ್ಮ ದೇಶದ ಲೆಕ್ಕವೂ ಸಣ್ಣದಲ್ಲ. 2016ರ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ ಇರುವವರು ಐದೂವರೆ ಕೋಟಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದಂತೆ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಶಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಒಲೆಯ ಮುಂದೆ ಕೂತವರು ಯಾರೆಂದು ಬಿಡಿಸಿ ಹೇಳಬೇಕೇ?

ಕೊನೆಯ ಬೆರಗನ್ನು ಉಳಿಸಿಕೊಂಡಿದ್ದೇನೆ. ದಮ್ಮದವರಿಗೆ ಕಲಿಸುವ ಒಂದು ಉಸಿರಾಟವಿದೆ. ಮೂಗಿನಿಂದ ಎಳೆದುಕೊಂಡು, ತುಟಿ ಮುಂದೆ ಚೂಪು ಮಾಡಿ, ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಎರಡು ಪಟ್ಟು ಹೊತ್ತು ಹೊರಗೆ ಬಿಡುವುದು. ಹೀಗೆ ಮಾಡಿದಾಗ ಬಾಯಲ್ಲಿ ಹುಟ್ಟುವ ಸಣ್ಣ ಒತ್ತಡ ಎದೆಯ ಆಳದವರೆಗೂ ಹಿಂದಕ್ಕೆ ಹೋಗಿ, ಕುಸಿಯಲು ಹೊರಟ ಶ್ವಾಸನಾಳಗಳನ್ನು ತೆರೆದಿಡುತ್ತದೆ. ಸಿಕ್ಕಿಬಿದ್ದ ಹಳೆ ಗಾಳಿ ಹೊರಬೀಳುತ್ತದೆ. ಆ ತುಟಿಯ ಭಂಗಿ ನೋಡಿದಿರಾ? ಊದುಗೊಳವೆ ಹಿಡಿದ ತುಟಿ! ಐವತ್ತೈದು ವರ್ಷ ಬೆಂಕಿ ಊದಿ ಎದೆ ಸುಟ್ಟುಕೊಂಡ ಅದೇ ಭಂಗಿಯಲ್ಲಿ, ಒಲೆಯಿಂದ ದೂರ, ಬಯಲು ಗಾಳಿಗೆ ಮುಖ ಮಾಡಿ ಊದಿದರೆ ಎದೆ ಹಗುರಾಗುತ್ತದೆ. ಆಯಿಗೆ ಇದನ್ನು ಕಲಿಸುವ ಅಗತ್ಯವೇ ಇರಲಿಲ್ಲ. ಒಮ್ಮೆ ಹೇಳಿದ್ದರೆ ಸಾಕಿತ್ತು.

ಮಾಡಬಹುದಾದದ್ದು ಇನ್ನೂ ಇದೆ. ನಡಿಗೆ ಮತ್ತು ವ್ಯಾಯಾಮವನ್ನು ಹಂತ ಹಂತವಾಗಿ ಕಲಿಸುವ ಶ್ವಾಸಕೋಶದ ಪುನಶ್ಚೇತನದಿಂದ ದಮ್ಮದವರ ಓಡಾಟ ಹೆಚ್ಚುತ್ತದೆ, ಉಬ್ಬಸ ಇಳಿಯುತ್ತದೆ. ಆಮ್ಲಜನಕ ಸದಾ ತೀರಾ ಕೆಳಗಿರುವವರಿಗೆ ಮನೆಯಲ್ಲೇ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದು ಎಂಬತ್ತರ ದಶಕದಿಂದ ಗೊತ್ತು. ಆದರೆ ಅದನ್ನು ಡಾಕ್ಟರು ಅಳೆದು ಹೇಳಿದಷ್ಟೇ ಕೊಡಬೇಕು, ಈ ಕಾಯಿಲೆಯಲ್ಲಿ ಆಮ್ಲಜನಕ ಅತಿಯಾದರೂ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಇನ್ನು ಇನ್‌ಹೇಲರ್. ಅಲುಗಾಡಿಸು, ಉಸಿರು ಪೂರ್ತಿ ಬಿಡು, ಅದರ ಬಾಯಿಗೆ ತುಟಿ ಬಿಗಿ, ಒತ್ತು, ಒತ್ತುತ್ತಲೇ ಎಳೆ, ಹತ್ತು ಎಣಿಸುವವರೆಗೆ ಹಿಡಿ. ಆರು ಹೆಜ್ಜೆ, ಒಂದು ತಪ್ಪಿದರೂ ಎದೆಗೆ ಇಳಿಯುವ ಔಷಧ ಕಡಿಮೆಯಾಗಬಹುದು. ಹೋಳಿಗೆಯ ಸರಣಿ ಮರೆತವಳಿಗೆ ಈ ಸರಣಿ ನೆನಪಿರುತ್ತದೆಯೇ? ಹಾಗೆ ದಮ್ಮ ಮರೆವನ್ನು ಬೆಳೆಸಿದರೆ, ಮರೆವು ದಮ್ಮವನ್ನು ಬೆಳೆಸುತ್ತದೆ. ಅವಳ ಪಕ್ಕ ದಿನಕ್ಕೆರಡು ಸಲ ಕೂತು ಮೊಮ್ಮಗನೊಬ್ಬ ಇನ್‌ಹೇಲರ್ ಹಿಡಿದರೆ ಆ ಸುತ್ತು ಅಲ್ಲಿಗೆ ತುಂಡಾಗುತ್ತದೆ. ಉದ್ದ ಕೊಳವೆಯ ಸ್ಪೇಸರ್ ಸೇರಿಸಿಕೊಂಡರೆ ಇನ್ನೂ ಸುಲಭ.

ಧುಪದಾಳದ ಪಕ್ಕದ ಘಟಪ್ರಭೆ ಊರಿನಲ್ಲಿ, ಸೇವಾದಳದ ಡಾ. ನಾ.ಸು. ಹರ್ಡೀಕರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಕರ್ನಾಟಕ ಆರೋಗ್ಯಧಾಮ ಸ್ವಾತಂತ್ರ್ಯಕ್ಕೂ ಮುಂಚೆಯೇ ತಲೆ ಎತ್ತಿತ್ತು. ಆಸ್ಪತ್ರೆಗೆ ನಡೆದು ಹೋಗುವ ರೂಢಿ ಈ ಸೀಮೆಗೆ ಹೊಸದಲ್ಲ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಈಗ ಜಿಲ್ಲಾಸ್ಪತ್ರೆಗಳವರೆಗೆ ಬಂದಿದೆ. ಹಾಗಾಗಿ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಆಯಿಗೋ ಮುತ್ಯಾಗೋ ಮರೆವು ಬಂದಿದೆಯೆಂದು ಡಾಕ್ಟರ ಬಳಿ ಕರೆದೊಯ್ದಾಗ, “ಉಸಿರನ್ನೂ ಒಂದ್ಸಲ ನೋಡ್ರಿ” ಅನ್ನಿ. ದಮ್ಮಕ್ಕೆಂದು ಕರೆದೊಯ್ದಾಗ, “ಲೆಕ್ಕಾ ತಪ್ಪಾಕ ಹತ್ತ್ಯಾರ, ಅದನ್ನೂ ಕೇಳ್ರಿ” ಅನ್ನಿ. ಅಡಿಗೆಮನೆಯಲ್ಲಿ ಇಂದಿಗೂ ಕುಳ್ಳು ಉರಿಯುತ್ತಿದ್ದರೆ ಗವಾಕ್ಷಿ ಅಗಲ ಮಾಡಿ, ಗ್ಯಾಸ್ ಸಿಲಿಂಡರನ್ನು ಹಬ್ಬಕ್ಕೆಂದು ಮೂಲೆಯಲ್ಲಿಡದೆ ದಿನದ ರೊಟ್ಟಿಗೂ ಹಚ್ಚಿ. ಮತ್ತು ನಲವತ್ತು ದಾಟಿದ ಹೆಣ್ಣುಮಗಳು ಕೆಮ್ಮುತ್ತಿದ್ದರೆ ಹಚಿನ್ಸನ್ನನ ಆ ಯಂತ್ರದ ಮುಂದೆ ಒಮ್ಮೆ ಕೂರಿಸಿ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಕನಿಷ್ಠ ಮೂರು ಸಲ ಊದಿಸುತ್ತಾರೆ, ಒಂದೊಂದು ಊದಿಗೆ ಆರು ಸೆಕೆಂಡು.